ಕೆಂಪು ಗುಂಡಿ, ನಲವತ್ತೊಂದು ಸಲ

ಫೆಬ್ರವರಿ 4

ಪ್ರೀತಿಯ ಪೆನ್ಸಿಲ್,

ನಲವತ್ತಮೂರು ತುಂಬಿದ ಹೆಂಗಸನ್ನು ಹೀಗೆ ಕರೆಯಬಾರದು ಎಂದು ನಿಮ್ಮಣ್ಣ ಗೊಣಗುತ್ತಾರೆ. ನಾನು ಸೊಸೆಯಾಗಿ ಬಂದ ದಿನ ನೀನು ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದೆ. ನನಗೆ ಇನ್ನೂ ಅದೇ ನಾದಿನಿ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಹೂಂ ಹೂಂ ಎನ್ನುತ್ತ ಬೇರೇನೋ ಟೈಪ್ ಮಾಡುತ್ತಿರುತ್ತೀಯ, ಆ ಟಕಟಕ ನನಗೆ ಕೇಳಿಸುತ್ತದೆ. ಕಾಗದವಾದರೆ ಕೂತು ಓದಲೇಬೇಕು.

ನಮ್ಮ ಆಸ್ಪತ್ರೆಯ ಲಾಂಡ್ರಿಗೆ ಹೊಸ ಮೆಷೀನುಗಳು ಬಂದಿವೆ. ಐದೂ ಹಳೆಯವನ್ನು ಹಿತ್ತಲಿಗೆ ಎಳೆದು ಹಾಕಿದ್ದಾರೆ. ನನ್ನ ಮೂರನೇ ನಂಬರ್ ಗೋಡೆಗೆ ಮುಖ ಮಾಡಿ ನಿಂತಿದೆ. ಅದರ ಮುಖದ ಮೇಲೆ ಮೂರು ನಾಬ್ ಇದ್ದವು, ಬಿಸಿಗೊಂದು, ನೀರಿಗೊಂದು, ಹೊತ್ತಿಗೊಂದು. ಬಿಸಿಯದ್ದನ್ನು ತಿರುಗಿಸಿದರೆ ಟಕ್ ಟಕ್ ಎನ್ನುತ್ತಿತ್ತು. ಐದು ಟಕ್ ಅಂದರೆ ಹೊದಿಕೆ, ಏಳು ಟಕ್ ಅಂದರೆ ಆಪರೇಷನ್ ಕೋಣೆಯ ಬಟ್ಟೆ, ಎರಡು ಅಂದರೆ ಹಸುಗೂಸುಗಳದ್ದು. ಕಂಕುಳಲ್ಲಿ ಒದ್ದೆ ಬಟ್ಟೆಯ ಮೂಟೆ ಇಟ್ಟುಕೊಂಡೇ, ಬೇರೆ ಕಡೆ ನೋಡುತ್ತಲೇ ತಿರುಗಿಸುತ್ತಿದ್ದೆ.

ಈಗಿನದರ ಮುಖವೆಲ್ಲ ಗಾಜು. ಒಂದು ಕೆಂಪು ಗುಂಡಿ ಬಿಟ್ಟರೆ ಕೈಗೆ ಸಿಗುವಂಥದ್ದು ಏನೂ ಇಲ್ಲ. ಆ ಗುಂಡಿ ಅಪಾಯವಾದಾಗ ಮೆಷೀನ್ ನಿಲ್ಲಿಸುವುದಕ್ಕಂತೆ.

ಮಾರ್ಚ್ ಹತ್ತನೇ ತಾರೀಕು ಎಲ್ಲರಿಗೂ ಪರೀಕ್ಷೆ. ಪಾಸಾಗದವರು ಮೆಷೀನ್ ಬಿಟ್ಟು ಕೆಳಗಿನ ಕೊಳೆಬಟ್ಟೆಯ ಕೋಣೆಗೆ ಹೋಗಬೇಕು. ಅಲ್ಲಿ ಕಿಟಕಿ ಇಲ್ಲ. ವಾರ್ಡುಗಳಿಂದ ಬಂದದ್ದನ್ನೆಲ್ಲ ಬಿಡಿಸಿ ಬೇರೆ ಮಾಡುವ ಕೆಲಸ. ಹೊಸಬರನ್ನು ಮೊದಲ ಆರು ತಿಂಗಳು ಹಾಕುವ ಜಾಗ ಅದು. ನಾನೂ ಅಲ್ಲಿಂದಲೇ ಮೇಲೆ ಬಂದವಳು.

ನನ್ನ ಮಾತು ಬಿಡು. ನಮ್ಮ ಇಸ್ತ್ರಿ ಅಕ್ಕನ ಪಾಡು ನೋಡಲಾಗುತ್ತಿಲ್ಲ. ಅವಳು ಮುಟ್ಟಿದರೆ ಆ ಗಾಜಿಗೆ ಗೊತ್ತೇ ಆಗುವುದಿಲ್ಲ. ನಿನ್ನ ಆಫೀಸಿನಲ್ಲಿ ಇಂಥವಕ್ಕೇ ಅಲ್ಲವೇ ಚಿತ್ರ ಬರೆಯುವುದು? ಏನಾದರೂ ಉಪಾಯವಿದ್ದರೆ ಬರಿ, ಅವಳಿಗೆ ಹೇಳುತ್ತೇನೆ.

ನಿನ್ನ ಅತ್ತಿಗೆ

*

ಫೆಬ್ರವರಿ 11

ಪ್ರೀತಿಯ ಅತ್ತಿಗೆ,

ಕೂತೇ ಓದಿದೆ, ಎರಡು ಸಲ.

ಇಸ್ತ್ರಿ ಅಕ್ಕನಿಗೆ ಮೊದಲು ಧೈರ್ಯ ಹೇಳಿ. ಹಳೆಯ ಮೆಷೀನಿನ ಅಭ್ಯಾಸವಿರುವವರು ಒತ್ತುತ್ತಾರೆ. ಗಾಜನ್ನು ಒತ್ತಬಾರದು, ಹಗುರವಾಗಿ ಮುಟ್ಟಬೇಕು. ನಿದ್ದೆ ಮಾಡುವ ಮಗುವಿನ ಕೆನ್ನೆ ಮುಟ್ಟಿದ ಹಾಗೆ ಎಂದು ನಾವು ತರಬೇತಿಯಲ್ಲಿ ಹೇಳುತ್ತೇವೆ. ಬಿಸಿಯ ನೀಲಿ ವೃತ್ತವನ್ನು ಮುಟ್ಟಿದಾಗ ಪಕ್ಕದಲ್ಲಿ ಪುಟ್ಟ ಹನಿಯೊಂದು ಮಿಡಿಯುತ್ತದಲ್ಲ, ಅದು ನಿಂತ ಮೇಲೆ ಬೆರಳು ತೆಗೆಯಲಿ. ಹತ್ತು ದಿನ ಅಭ್ಯಾಸ ಮಾಡಿದರೆ ಕೈ ತಾನಾಗಿ ಹೊಂದಿಕೊಳ್ಳುತ್ತದೆ.

ನಾಬ್‌ಗಳ ಬಗ್ಗೆ ನಿಮಗೆ ಬೇಸರವಾಗಿದೆ ಎಂದು ಗೊತ್ತು. ಆದರೆ ಆಸ್ಪತ್ರೆಯಲ್ಲಿ ನಾಬ್‌ಗಳ ಸಂದಿನಲ್ಲಿ ಕೊಳೆ ಕೂರುತ್ತದೆ, ರೋಗಾಣು ಬೆಳೆಯುತ್ತದೆ. ಗಾಜನ್ನು ಒಮ್ಮೆ ಒರೆಸಿದರೆ ಮುಗಿಯಿತು. ಇದು ಬರೀ ಚಂದಕ್ಕೆ ಮಾಡಿದ್ದಲ್ಲ. ನಾನು ಮಾರಾಟದವರ ಹಾಗೆ ಮಾತಾಡುತ್ತಿದ್ದೇನೋ ಏನೋ. ಹಾಗನ್ನಿಸಿದರೆ ಕ್ಷಮಿಸಿ.

ನಿಮಗೆ ಈ ಪರೀಕ್ಷೆ ಕಷ್ಟವಾಗಲಿಕ್ಕಿಲ್ಲ. ನನ್ನಂಥ ಇಂಗ್ಲಿಷ್ ಶಾಲೆಯ ಹುಡುಗಿಗೆ ಒತ್ತಕ್ಷರ ಕಲಿಸಿದವರು ನೀವು. ಗಾಜು ಯಾವ ಲೆಕ್ಕ!

ಅಣ್ಣನಿಗೆ ನೆನಪು ಹೇಳಿ. ಅವನ ತಗಡಿನ ಡಬ್ಬದ ತುಂಬ ಹಳೆಯ ರೇಡಿಯೋ, ಫ್ಯಾನುಗಳ ನಾಬ್ ಇನ್ನೂ ಇವೆಯೇ?

ನಿಮ್ಮ ಪೆನ್ಸಿಲ್

*

ಫೆಬ್ರವರಿ 15

ಪೆನ್ಸಿಲ್,

ಡಬ್ಬ ಇದೆ. ನಿಮ್ಮಣ್ಣ ಅದನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ‘ನಿನ್ನ ನಾದಿನಿ ಮನೆ ಪೂರ್ತಿ ಗಾಜು ಹಾಕ್ಸಲಿ, ಕರೆಂಟ್ ಹೋದಾಗ ನನ್ ಹತ್ರಾನೇ ಬರ್ಬೇಕು’ ಎಂದರು.

ನಿದ್ದೆ ಮಾಡುವ ಮಗುವಿನ ಕೆನ್ನೆಯ ಹಾಗೆ ಮುಟ್ಟಿ ನೋಡಿದ್ದಾಯಿತು. ಆ ಮಗು ಏಳಲೇ ಇಲ್ಲ. ಇಸ್ತ್ರಿ ಅಕ್ಕ ಒಂದೊಂದೇ ಬೆರಳು ಇಟ್ಟಳು, ಉಗುಳು ಹಚ್ಚಿ ಇಟ್ಟಳು. ಕೊನೆಗೆ ಸಿಟ್ಟು ಬಂದು ಮೂಗಿನ ತುದಿ ಇಟ್ಟಳು ನೋಡು, ಮೆಷೀನ್ ಜುಂ ಎಂದು ಹೊರಟೇಬಿಟ್ಟಿತು! ಒಂದನೇ ನಂಬರಿನವಳು ನಕ್ಕು ನಕ್ಕು ನೆಲಕ್ಕೆ ಕೂತಳು. ‘ಇನ್ಮೇಲೆ ಮೂಗಿಗೇ ಸಂಬಳ ಕೊಡ್ಲಿ ಬಿಡೇ’ ಅಂದಳು. ಆಗಲೇ ನಮ್ಮ ಮೇಲ್ವಿಚಾರಕರು ಬಂದರು. ಸದಾ ಶಿಳ್ಳೆ ಹಾಕುತ್ತ ತಿರುಗುವುದರಿಂದ ಅವರಿಗೆ ನಾವಿಟ್ಟ ಹೆಸರು ಶಿಳ್ಳೆ ಸಾರ್. ಶಿಳ್ಳೆ ನಿಲ್ಲಿಸಿ, ‘ಏನಮ್ಮಾ, ಮೆಷೀನಿಗೆ ಮುತ್ತು ಕೊಡ್ತಿದ್ದೀರಾ?’ ಎಂದರು. ಎಲ್ಲರೂ ನಕ್ಕರು. ಮೂಗು ಇಟ್ಟವಳು ಮಾತ್ರ ನಗಲಿಲ್ಲ.

ಸಂದಿನಲ್ಲಿ ಕೊಳೆ ಎಂದೆಯಲ್ಲ, ಆ ಸಂದನ್ನು ಹತ್ತೊಂಬತ್ತು ವರ್ಷ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದವಳು ನಾನು. ಯಾವ ರೋಗಾಣು ಎಲ್ಲಿ ಮಲಗಿತ್ತು ಎಂದು ನನ್ನನ್ನೇ ಕೇಳಬಹುದಿತ್ತು.

ಇನ್ನೊಂದು ಮಾತು. ನೀಲಿ ವೃತ್ತ, ಪಕ್ಕದಲ್ಲಿ ಮಿಡಿಯುವ ಹನಿ ಎಂದೆಲ್ಲ ಬರೆದಿದ್ದೀಯ. ನಾನು ನಿನಗೆ ‘ಗಾಜು’ ಎಂದು ಬರೆದಿದ್ದೆನೇ ಹೊರತು ವೃತ್ತ, ಹನಿ ಒಂದನ್ನೂ ಬರೆದಿರಲಿಲ್ಲ. ಕರಡು ನನ್ನ ಹತ್ತಿರವೇ ಇದೆ, ಮತ್ತೆ ತೆಗೆದು ನೋಡಿದೆ. ಆ ಹನಿಯನ್ನು ನೀನು ಎಲ್ಲಿ ನೋಡಿದೆ?

ಅತ್ತಿಗೆ

*

ಫೆಬ್ರವರಿ 24

ಪ್ರೀತಿಯ ಅತ್ತಿಗೆ,

ಉತ್ತರ ತಡವಾಯಿತು. ಕೆಲಸವಿತ್ತು ಎಂದು ಬರೆದು ಹೊಡೆದು ಹಾಕಿದೆ. ಕೆಲಸವಿತ್ತು, ಆದರೆ ಕಾರಣ ಅದಲ್ಲ.

ಆ ಹನಿ ಬರೆದವಳು ನಾನೇ. ಮೆಷೀನ್ ಬೇರೆ ಕಂಪನಿಯದ್ದು, ಅದರ ಮುಖದ ಗಾಜು ನಮ್ಮದು. ಒಂದೂವರೆ ವರ್ಷ ಅದರ ಮೇಲೆ ಕೂತಿದ್ದೆ. ನಿಮ್ಮ ಮೊದಲ ಪತ್ರ ಓದುವಾಗಲೇ ಅನುಮಾನ ಬಂದಿತ್ತು. ಯಾಕೆ ಹೇಳಲಿಲ್ಲ? ನನ್ನ ಕೆಲಸವನ್ನು ಮನೆಯವರೊಬ್ಬರು ದಿನವೂ ಮುಟ್ಟುತ್ತಿದ್ದಾರೆ ಎಂದು ಖುಷಿಯಾಗಬೇಕಿತ್ತು. ಆಗಲಿಲ್ಲ. ನೀವು ಅದನ್ನು ಮೆಚ್ಚಿಲ್ಲ ಎನ್ನುವುದೊಂದೇ ಕಾಣಿಸಿತು. ನಲವತ್ತಮೂರಾದರೂ ನಿಮ್ಮ ಕೈಯಲ್ಲಿ ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆ ಹೋಗಿಲ್ಲ.

ಆದರೂ ನನ್ನ ಗಾಜಿನ ಪರವಾಗಿ ಒಂದು ಮಾತು ಹೇಳಲೇಬೇಕು. ಹನ್ನೆರಡು ಜನರ ಕೈಯಲ್ಲಿ ಮುಟ್ಟಿಸಿ ಪರೀಕ್ಷೆ ಮಾಡಿದ್ದೇವೆ. ಹನ್ನೆರಡಕ್ಕೆ ಹನ್ನೆರಡೂ ಪಾಸು. ‘ಎಲ್ಲ ಬೆರಳಿಗೂ ಸ್ಪಂದಿಸುತ್ತದೆ’ ಎಂದು ಸಹಿ ಹಾಕಿದವಳು ನಾನು. ತೊಂದರೆ ಗಾಜಿನಲ್ಲಿಲ್ಲ, ಜನರ ಹಿಂಜರಿಕೆಯಲ್ಲಿದೆ. ಒಂದು ಉದಾಹರಣೆ ಕೊಡುತ್ತೇನೆ. ಮೂವತ್ತು ಆಸ್ಪತ್ರೆಗಳ ಮೆಷೀನುಗಳಿಂದ ನಮಗೆ ವಾರವಾರವೂ ಅಂಕಿಅಂಶ ಬರುತ್ತದೆ, ಆಸ್ಪತ್ರೆಯ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಒಂದು ಕಡೆ ಮೂರನೇ ಮೆಷೀನಿನ ಆಪರೇಟರ್ ಒಂದೇ ವಾರದಲ್ಲಿ ಕೆಂಪು ಗುಂಡಿಯನ್ನು ನಲವತ್ತೊಂದು ಸಲ ಒತ್ತಿದ್ದಾರೆ. ನಲವತ್ತೊಂದು! ಯಾವ ಅಪಾಯವೂ ಆಗಿರಲಿಲ್ಲ. ಬರೀ ಭಯ. ಹಾಗೆಂದೇ ಕಳೆದ ವಾರ ವರದಿ ಬರೆದೆ: ಆಪರೇಟರ್‌ಗೆ ಭಯವಿದೆ, ಮೆಷೀನಿನಿಂದ ಬದಲಾಯಿಸುವುದು ಒಳ್ಳೆಯದು. ಅವರಿಗೂ ಅದು ನೆಮ್ಮದಿಯೇ ಅಲ್ಲವೇ?

ಇಸ್ತ್ರಿ ಅಕ್ಕ ಹೇಗಿದ್ದಾರೆ?

ನಿಮ್ಮ ಪೆನ್ಸಿಲ್

*

ಮಾರ್ಚ್ 2

ಮೂರನೇ ನಂಬರ್ ನಾನು.

ಮೊನ್ನೆ ಶಿಳ್ಳೆ ಸಾರ್ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದು ಇಂಗ್ಲಿಷ್ ಕಾಗದವನ್ನು ಬಿಡಿಸಿ ಬಿಡಿಸಿ ಹೇಳಿದರು. ‘ಮೂರನೇ ಆಪರೇಟರ್‌ಗೆ ಭಯ ಅಂತೆ. ಕಂಪನಿಯವ್ರೇ ಬರ್ದಿದ್ದಾರೆ. ನಾನೇನೂ ಹೇಳ್ಲಿಲ್ಲಪ್ಪ.’ ಮರುದಿನ ನಿನ್ನ ಪತ್ರ ಬಂತು. ಅದೇ ಮಾತು, ಅದೇ ನಲವತ್ತೊಂದು. ಒಬ್ಬಳದೇ ಬಾಯಿಂದ ಎರಡು ದಿನ ಎರಡು ಸಲ ಅನ್ನಿಸಿಕೊಂಡೆ.

ಇಸ್ತ್ರಿ ಅಕ್ಕ ಆ ಮೆಷೀನನ್ನು ಮುಟ್ಟಿಯೇ ಇಲ್ಲ. ಅವಳ ಹಿಂದೆ ನಿಂತು ನಿನಗೆ ಬರೆದೆ. ಮೂಗು ಇಟ್ಟವಳೂ ನಾನೇ. ‘ನನ್ ಮೂಗಿಗ್ಯಾಕೆ ಕೆಟ್ಟ ಹೆಸರು ತಂದ್ಯೇ’ ಎಂದು ಅವಳು ಬೇರೆ ಜಗಳಕ್ಕೆ ಬಂದಿದ್ದಾಳೆ.

ನನ್ನ ಬೆರಳುಗಳನ್ನು ನೀನು ನೋಡಿದ್ದೀಯ, ಆದರೆ ನೋಡಿಲ್ಲ. ಹತ್ತೊಂಬತ್ತು ವರ್ಷ ಬ್ಲೀಚು, ಸೋಡಾ, ಹಬೆಯಾಡುವ ಬಟ್ಟೆ. ತುದಿಗಳು ಒಣಗಿ, ಗಟ್ಟಿಯಾಗಿ, ನುಣ್ಣಗಾಗಿವೆ. ಗೆರೆಯೇ ಇಲ್ಲ. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಇಟ್ಟರೆ ಆ ಪುಟ್ಟ ಯಂತ್ರ ‘ಮತ್ತೊಮ್ಮೆ ಪ್ರಯತ್ನಿಸಿ’ ಅನ್ನುತ್ತದೆ. ಹತ್ತು ಸಲ ಮುಟ್ಟಿದರೆ ನಿನ್ನ ವೃತ್ತ ಎರಡು ಸಲ ಏಳುತ್ತದೆ. ಬಿಸಿ ಇಳಿಸು ಎಂದರೆ ಇಳಿಸುವುದಿಲ್ಲ. ಒಳಗೆ ಹಸುಗೂಸುಗಳ ಬಟ್ಟೆ ಬೇಯುತ್ತಿರುತ್ತದೆ. ಏನು ಮಾಡಲಿ? ಆ ಮೆಷೀನಿನ ಮೇಲೆ ನನ್ನ ಮಾತು ಕೇಳುವುದು ಒಂದೇ ಒಂದು, ಕೆಂಪು ಗುಂಡಿ. ಅದನ್ನು ಒತ್ತಿದೆ. ಹೆದರಿ ಒತ್ತಲಿಲ್ಲ. ಲೆಕ್ಕ ಹಾಕಿ ಒತ್ತಿದೆ. ಒಂದು ಬಟ್ಟೆಯೂ ಹಾಳಾಗಲಿಲ್ಲ, ಅದು ನಿನ್ನ ಅಂಕಿಅಂಶದಲ್ಲಿ ಬಂತೇ?

ಸೋಮವಾರದಿಂದ ಕೆಳಗೆ ಹೋಗಬೇಕಂತೆ. ನನಗೆ ಪರೀಕ್ಷೆಯೂ ಬೇಡವಂತೆ, ವರದಿಯೇ ಸಾಕಂತೆ. ಕೊಳೆಬಟ್ಟೆಗೆ ನನಗೆ ಹೇಸಿಗೆಯಿಲ್ಲ. ಆದರೆ ಹೆದರಿದವಳು ಎಂಬ ಹಣೆಪಟ್ಟಿ ಹೊತ್ತು ಆ ಮೆಟ್ಟಿಲು ಇಳಿಯುವುದಿಲ್ಲ. ಸೋಮವಾರ ನನ್ನ ಮೆಷೀನಿನ ಎದುರೇ ನಿಂತಿರುತ್ತೇನೆ. ಎತ್ತಿಕೊಂಡು ಹೋಗಲಿ.

ನೀನು ಯಾರಿಗೂ ಶಿಫಾರಸು ಮಾಡಬೇಡ. ನಿನ್ನ ಕರುಣೆ ನನಗೆ ಬೇಡ. ಒಂದು ಮಾತು ಕೇಳಬಹುದಿತ್ತು ನೀನು, ‘ಯಾಕೆ ಒತ್ತಿದಿರಿ’ ಎಂದು. ಕೇಳಲಿಲ್ಲ. ಈಗ ಬರೆದದ್ದನ್ನು ತಿದ್ದು.

*

ಮಾರ್ಚ್ 6

ಅತ್ತಿಗೆ,

ಕ್ಷಮೆ ಕೇಳುವ ಪತ್ರವನ್ನು ಮೂರು ಸಲ ಬರೆದು ಹರಿದೆ. ಕೇಳಿದರೆ ನನಗೆ ಹಗುರವಾಗುತ್ತದೆ, ನಿಮಗೆ ಏನೂ ಆಗುವುದಿಲ್ಲ. ಆದ್ದರಿಂದ ಆದದ್ದನ್ನು ಮಾತ್ರ ಬರೆಯುತ್ತೇನೆ.

ಮೊದಲು ‘ಭಯ’ದ ವಿಷಯ. ವರದಿಯ ಫಾರಂನಲ್ಲಿ ಕೆಂಪು ಗುಂಡಿಗೆ ಮೂರೇ ಕಾರಣಗಳಿವೆ: ಮೆಷೀನ್ ಕೆಟ್ಟಿದೆ, ಆಪರೇಟರ್ ತಪ್ಪು ಮಾಡಿದ್ದಾರೆ, ಆಪರೇಟರ್‌ಗೆ ಭಯವಿದೆ. ಮೆಷೀನ್ ಕೆಟ್ಟಿರಲಿಲ್ಲ. ತಪ್ಪು ಎಂದರೆ ಕಟುವಾಗುತ್ತದೆ ಅಂದುಕೊಂಡು, ದಯೆ ತೋರಿಸುವವಳ ಹಾಗೆ ಭಯವನ್ನು ಆರಿಸಿದೆ. ಆ ಫಾರಂ ಮಾಡಿದ್ದೂ ನಮ್ಮ ತಂಡವೇ.

ಆಮೇಲೆ ಆ ಹನ್ನೆರಡು ಜನರ ಪಟ್ಟಿ ತೆಗೆದು ನೋಡಿದೆ. ಹನ್ನೆರಡೂ ಜನ ನಮ್ಮ ಮಹಡಿಯವರು. ಏಳನೆಯವಳು ನಾನು. ಕ್ರೀಮ್ ಹಚ್ಚಿದ ಬೆರಳುಗಳು, ಕೀಬೋರ್ಡ್ ಬಿಟ್ಟು ಬೇರೇನನ್ನೂ ಒತ್ತದ ಬೆರಳುಗಳು.

ಬುಧವಾರ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವಾಕೆಯನ್ನು ಕರೆದು, ನಮ್ಮ ಮೇಜಿನ ಮೇಲಿರುವ ಗಾಜನ್ನು ಮುಟ್ಟಿ ನೋಡಿ ಎಂದೆ. ಹತ್ತರಲ್ಲಿ ಮೂರು ಸಲ ಎದ್ದಿತು. ನನ್ನ ಮುಖ ನೋಡಿ ಅವರೇ ಸಮಾಧಾನ ಹೇಳಿದರು. ‘ಬಿಡಿ ಮೇಡಂ, ನನ್ ಕೈಗೆ ಇಲ್ಲಿನ ಲಿಫ್ಟೂ ಕೇಳಲ್ಲ. ಯಾರಾದ್ರೂ ಬರೋವರ್ಗೂ ನಿಂತಿರ್ತೀನಿ.’ ನಾಲ್ಕು ವರ್ಷದಿಂದ ಅವರು ಲಿಫ್ಟಿನ ಪಕ್ಕ ನಿಂತಿರುವುದನ್ನು ನೋಡಿದ್ದೇನೆ ಅತ್ತಿಗೆ. ನಮಗೆ ದಾರಿ ಬಿಡುತ್ತಿದ್ದಾರೆ ಅಂದುಕೊಂಡಿದ್ದೆ. ಒಂದೆರಡು ಸಲ ಥ್ಯಾಂಕ್ಸ್ ಕೂಡ ಹೇಳಿದ್ದೇನೆ.

ನಿನ್ನೆ ಮೀಟಿಂಗಿಗೆ ಅವರನ್ನೂ ಕರೆದುಕೊಂಡು ಹೋದೆ. ದೊಡ್ಡ ಸಾಹೇಬರು ಹುಬ್ಬೇರಿಸಿದರು. ‘ಒಬ್ಬರಿಗೋಸ್ಕರ ಗಾಜು ಬದಲಾಯ್ಸೋಕಾಗುತ್ತೇನ್ರೀ?’

‘ಒಬ್ಬರಲ್ಲ ಸಾರ್. ನಾವು ಎಣಿಸಿಲ್ಲ, ಅಷ್ಟೇ.’

‘ವರದಿಗೆ ಸಹಿ ಹಾಕಿದ್ದು ನೀವೇ ಅಲ್ವಾ?’

‘ಹೌದು. ಅದಕ್ಕೇ ನಾನೇ ವಾಪಸ್ ತಗೋತಿದ್ದೀನಿ.’

ವರದಿ ಹಿಂಪಡೆದ ಕಾಗದ ಇವತ್ತು ನಿಮ್ಮ ಆಸ್ಪತ್ರೆಗೆ ಹೋಗಿದೆ. ಆ ಆಪರೇಟರ್ ನನ್ನ ಅತ್ತಿಗೆ ಎಂದು ಮಾತ್ರ ಅಲ್ಲಿ ಹೇಳಲಿಲ್ಲ. ಸಂಬಂಧಿಕರ ಪರ ವಹಿಸಿದಳು ಎಂದು ಮಾತನ್ನೇ ತಳ್ಳಿಹಾಕುತ್ತಾರೆ ಅನ್ನಿಸಿತು. ಅದು ಜಾಣತನವೋ ಪುಕ್ಕಲುತನವೋ ನನಗೆ ಇನ್ನೂ ತಿಳಿದಿಲ್ಲ.

ಒಂದು ಕೇಳುತ್ತೇನೆ. ಹಿತ್ತಲಿನಲ್ಲಿರುವ ನಿಮ್ಮ ಹಳೆಯ ಮೆಷೀನಿನ ಬಿಸಿಯ ನಾಬ್ ಬಿಚ್ಚಿ ಕಳಿಸಲು ಆಗುತ್ತದೆಯೇ? ಆ ಟಕ್ ನನಗೆ ಬೇಕು.

ಸೋಮವಾರ ಏನಾಗುತ್ತದೆಂದು ಬರೆಯಿರಿ.

*

ಮಾರ್ಚ್ 13

ಪೆನ್ಸಿಲ್,

ಅತ್ತಿಗೆ ಎಂದು ಹೇಳದಿದ್ದದ್ದು ಒಳ್ಳೆಯದೇ ಆಯಿತು. ನನ್ನ ಬೆರಳು ನಿನ್ನ ನೆಂಟಸ್ತನದಿಂದ ಒಣಗಿದ್ದಲ್ಲ.

ಸೋಮವಾರ ನನ್ನ ಜಾಗದಲ್ಲೇ ನಿಂತೆ. ಶಿಳ್ಳೆ ಸಾರ್ ಮೂರು ಸಲ ಬಂದು ‘ಕೆಳಗೆ ಹೋಗೀಮ್ಮ’ ಎಂದರು. ‘ಹತ್ತನೇ ತಾರೀಕು ಪರೀಕ್ಷೆ ಅಂತ ಗೋಡೆಗೆ ಅಂಟ್ಸಿದ್ದೀರಿ. ಎಲ್ಲರಿಗೂ ಅಂತಾನೇ ಬರ್ದಿದೆ. ಅದಾದ್ಮೇಲೆ ಹೇಳಿ’ ಎಂದೆ. ಉಳಿದ ನಾಲ್ವರೂ ಕೈ ಒರೆಸಿಕೊಂಡು ನನ್ನ ಪಕ್ಕ ಬಂದು ನಿಂತರು. ಇಸ್ತ್ರಿ ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದೇ ಬಂದಳು, ಇಟ್ಟು ಬರಲು ಮರೆತಿದ್ದಳಂತೆ. ಸಾರ್ ಆ ಇಸ್ತ್ರಿಪೆಟ್ಟಿಗೆ ನೋಡಿ ಹೊರಟುಹೋದರು.

ಪರೀಕ್ಷೆಯ ದಿನ ಮೇಲಿನ ಆಫೀಸಿನಿಂದ ಇಬ್ಬರು ಬಂದಿದ್ದರು. ನಿನ್ನ ಕಾಗದ ಅವರ ಕೈಯಲ್ಲಿತ್ತು, ಆದರೆ ಅದನ್ನು ಏನು ಮಾಡಬೇಕೆಂದು ಗೊತ್ತಿರಲಿಲ್ಲ. ನಾನು ಹೇಳಿದೆ: ‘ಸಾರ್ ಮೊದಲು ಮಾಡಿ ತೋರಿಸ್ಲಿ. ನಮ್ಮ ಥರಾನೇ. ಒಂದು ಗಾಡಿ ಒದ್ದೆ ಹೊದಿಕೆ ಇಳಿಸಿ, ಕೈ ಒರೆಸ್ಕೊಳ್ದೆ.’ ಶಿಳ್ಳೆ ಸಾರ್‌ಗೆ ನಗು. ಕೋಟು ತೆಗೆದರು, ಅರ್ಧ ಗಾಡಿ ಇಳಿಸುವಷ್ಟರಲ್ಲಿ ಏದುಸಿರು. ತೊಟ್ಟಿಕ್ಕುವ ಕೈಯಿಂದ ಗಾಜು ಮುಟ್ಟಿದರು. ನೀರಹನಿ ಕಂಡಲ್ಲೆಲ್ಲ ಗಾಜು ಬೆರಳೆಂದೇ ತಿಳಿಯಿತು. ಬಿಸಿ ಏರಿತು, ನೀರು ಸುರಿಯಿತು, ಇಳಿಸಲು ಹೋದರೆ ಇನ್ನೂ ಏರಿತು. ‘ಅರೆ, ಅರೆ, ಇದೇನಿದು’ ಎನ್ನುತ್ತ ಸಾರ್ ಪಟ್ಟನೆ ಕೆಂಪು ಗುಂಡಿ ಒತ್ತಿದರು.

ಮೆಷೀನ್ ನಿಂತಿತು. ಇಸ್ತ್ರಿ ಅಕ್ಕ ಮೆಲ್ಲಗೆ ಕೇಳಿದಳು: ‘ಭಯ ಆಯ್ತಾ ಸಾರ್?’

ನನ್ನನ್ನು ಕೆಳಗೆ ಕಳಿಸುವ ಆದೇಶ ಇನ್ನೂ ರದ್ದಾಗಿಲ್ಲ, ಆದರೆ ಯಾರೂ ಅದರ ಮಾತೆತ್ತುತ್ತಿಲ್ಲ. ಕೇಳಿದರೆ ‘ಕಂಪನಿಯಿಂದ ಬರ್ಲಿ’ ಅನ್ನುತ್ತಾರೆ. ಅಂದರೆ ಇನ್ನು ಉಳಿದಿರುವುದು ನಿನ್ನ ಕಡೆಯ ಕೆಲಸ.

ನಾಬ್ ಇದರ ಜೊತೆ ಕಳಿಸುತ್ತಿದ್ದೇನೆ. ನಿಮ್ಮಣ್ಣ ಹಿತ್ತಲಿಗೆ ಬಂದು, ಕಾವಲಿನವನ ಹತ್ತಿರ ಹವಾಮಾನ ಮಾತಾಡುತ್ತಲೇ ಬಿಚ್ಚಿದರು. ಅದರೊಳಗಿನ ಹಲ್ಲುಚಕ್ರವೂ ಇದೆ, ಟಕ್ ಅನ್ನುವುದು ಅದೇ. ಸಂದು ನೋಡು. ಕೊಳೆ ಸಿಕ್ಕರೆ ಬರಿ.

ಅತ್ತಿಗೆ

*

ಏಪ್ರಿಲ್ 9

ಪ್ರೀತಿಯ ಅತ್ತಿಗೆ,

ಕೊಳೆ ಸಿಗಲಿಲ್ಲ. ಭೂತಗನ್ನಡಿ ಹಿಡಿದು ಹುಡುಕಿದೆ.

ನಾಬ್ ಅನ್ನು ಮೀಟಿಂಗಿನ ಮೇಜಿನ ಮೇಲೆ ಇಟ್ಟು ಎಲ್ಲರ ಕೈಗೂ ಕೊಟ್ಟೆ. ಕಣ್ಣು ಮುಚ್ಚಿ ಐದಕ್ಕೆ ತನ್ನಿ ಎಂದೆ. ಎಲ್ಲರೂ ತಂದರು, ದೊಡ್ಡ ಸಾಹೇಬರೂ ಸೇರಿ. ಆಮೇಲೆ ಗಾಜನ್ನು ಕಣ್ಣು ಮುಚ್ಚಿ ಮುಟ್ಟಿ ಎಂದೆ. ಯಾರೂ ಕೈ ಚಾಚಲಿಲ್ಲ.

ಪೂರ್ತಿ ಗೆದ್ದೆ ಎಂದು ಹೇಳಲಾರೆ. ಒಂದೇ ಒಂದು ಮೆಷೀನಿಗೆ ಮೂರು ನಾಬ್ ಜೋಡಿಸಿ ಆರು ತಿಂಗಳು ನೋಡೋಣ ಎಂದು ಒಪ್ಪಿದ್ದಾರೆ. ಸಂದಿಲ್ಲದ ಹಾಗೆ, ಎಳೆದರೆ ಬಿಚ್ಚಿ ತೊಳೆಯಲು ಬರುವ ಹಾಗೆ ಮಾಡಿದ್ದೇನೆ. ಆ ಮೆಷೀನ್ ನಿಮ್ಮ ಮೂರನೇ ನಂಬರ್. ಅಲ್ಲಿಯವರೆಗೆ ಅದರ ಆಪರೇಟರನ್ನು ಬದಲಾಯಿಸಬಾರದು ಎಂದು ನಿಮ್ಮ ಆಸ್ಪತ್ರೆಗೆ ಬರೆದಾಗಿದೆ. ಅದು ಕರುಣೆಯಲ್ಲ. ಹಳೆಯ ನಾಬ್ ಗೊತ್ತಿರುವವರೇ ಹೊಸದನ್ನು ಒರೆಗೆ ಹಚ್ಚಬೇಕು.

ಮುಂದಿನ ಗಾಜಿನ ಕೆಲಸದಿಂದ ನನ್ನನ್ನು ತೆಗೆದಿದ್ದಾರೆ. ‘ನಿಮಗೆ ಗಾಜಿನ ಮೇಲೆ ನಂಬಿಕೆ ಹೋಗಿದೆ’ ಎಂದರು. ನಂಬಿಕೆ ಹೋಗಿಲ್ಲ, ಪಟ್ಟಿಯ ಮೇಲೆ ಅನುಮಾನ ಬಂದಿದೆ ಎಂದೆ. ವಾರದ ಅಂಕಿಅಂಶ ನೋಡುವುದು ಯಾರಿಗೂ ಬೇಡದ ಕೆಲಸ, ಅದೊಂದು ನನಗೇ ಉಳಿದಿದೆ. ಫಾರಂನಲ್ಲಿ ನಾಲ್ಕನೇ ಸಾಲು ಸೇರಿಸಿದ್ದೇನೆ: ‘ಬೇರೆ ಕಾರಣ. ಆಪರೇಟರನ್ನು ಕೇಳಿ ಬರೆಯಿರಿ.’

ನಮ್ಮ ಕಟ್ಟಡದ ಲಿಫ್ಟಿಗೆ ಗುಂಡಿ ಹಾಕಿಸುವುದು ಇನ್ನೂ ಆಗಿಲ್ಲ. ದಿನವೂ ಅರ್ಜಿ ಕೊಡುತ್ತಿದ್ದೇನೆ. ಆಫೀಸಿನವರು ತೆಗೆದು ಇಟ್ಟುಕೊಳ್ಳುತ್ತಿದ್ದಾರೆ, ನಾನೂ ಬಿಡುತ್ತಿಲ್ಲ.

ನಿಮ್ಮ ಪೆನ್ಸಿಲ್

*

ಮೇ 5
ಮೂರನೇ ನಂಬರ್ ಮೆಷೀನಿನ ಪಕ್ಕದ ಸ್ಟೂಲಿನಿಂದ

ಪ್ರೀತಿಯ ಪೆನ್ಸಿಲ್,

ನಿಮ್ಮ ಕಡೆಯ ಹುಡುಗರು ನಾಬ್ ಜೋಡಿಸಿ ಹೋದರು. ಮೊದಲು ಬಿಸಿಯದ್ದನ್ನು ಎಡಕ್ಕೆ ಏರುವ ಹಾಗೆ ಹಾಕಿದ್ದರು. ಬಿಚ್ಚಿ ಸರಿಯಾಗಿ ಹಾಕಿ ಎಂದೆ. ‘ಮೇಡಂ ಡಿಸೈನೇ ಹಾಗಿದೆ’ ಎಂದರು. ‘ಹಾಗಾದ್ರೆ ನಿಮ್ಮ ಮೇಡಂಗೆ ಫೋನ್ ಮಾಡಿ, ನಾನೇ ಮಾತಾಡ್ತೀನಿ’ ಎಂದೆ. ನನ್ನ ಮುಖ ನೋಡಿ ಬಿಚ್ಚಿ ಹಾಕಿದರು. ನಿನ್ನ ನಕ್ಷೆ ತಿದ್ದಿಕೋ, ಏರುವುದು ಬಲಕ್ಕೆ.

ಟಕ್ ಚೆನ್ನಾಗಿದೆ. ಹಳೆಯದರಷ್ಟು ಗಟ್ಟಿಯಿಲ್ಲ, ಆದರೂ ಶಹಬ್ಬಾಸ್.

ಈಗ ಒಂದನೇ ನಂಬರಿನವಳಿಗೂ ಬೇಕಂತೆ, ನಾಲ್ಕನೆಯವಳಿಗೂ ಬೇಕಂತೆ. ಆರು ತಿಂಗಳು ಕಾಯುವುದಿಲ್ಲವಂತೆ. ಹನ್ನೊಂದು ಜನ ಸಹಿ ಹಾಕಿದ ಕಾಗದ ಇದರ ಜೊತೆ ಇದೆ. ಇಸ್ತ್ರಿ ಅಕ್ಕ ಹೆಬ್ಬೆಟ್ಟು ಒತ್ತಿದ್ದಾಳೆ. ಅದರಲ್ಲಿ ಗೆರೆ ಕಾಣುವುದಿಲ್ಲ, ಬರೀ ನೀಲಿ ಮಚ್ಚೆ. ಅದನ್ನೂ ಒಂದು ಸಹಿ ಎಂದು ಎಣಿಸು. ನಿಮ್ಮ ದೊಡ್ಡ ಸಾಹೇಬರ ಮೇಜಿನ ಮೇಲೆ ನೀನೇ ಇಡಬೇಕು.

ಈ ವಾರದ ಅಂಕಿಅಂಶದಲ್ಲಿ ಕೆಂಪು ಗುಂಡಿ ಒಂದು ಸಲ ಒತ್ತಿದ್ದು ಬರುತ್ತದೆ, ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ. ಗಾಬರಿಯಾಗಬೇಡ. ಮೆಷೀನ್ ಕೆಟ್ಟಿರಲಿಲ್ಲ, ನಾನು ತಪ್ಪು ಮಾಡಿರಲಿಲ್ಲ, ಹೆದರಿರಲಂತೂ ಇಲ್ಲ. ನಾಲ್ಕನೇ ಸಾಲಿನಲ್ಲಿ ಬರೆದುಕೋ: ಆ ಕಡೆ ನೀನು ನೋಡುತ್ತಿದ್ದೀಯೋ ಇಲ್ಲವೋ ಎಂದು ನೋಡಿದೆ.

ನಿನ್ನ ಅತ್ತಿಗೆ